ಶಾಲೆಯ ನಿಯಮ, ವಿದ್ಯಾರ್ಥಿಯ ಹಕ್ಕು: ಕಾನೂನು ಏನನ್ನುತ್ತದೆ?

ಬಂಟ್ವಾಳ: 2009ರ ಆಗಸ್ಟ್‌ನಲ್ಲಿ ಇಲ್ಲಿನ ಶ್ರೀ ವೆಂಕಟರಮಣ ಸ್ವಾಮಿ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳಿಗೆ ತಲೆವಸ್ತ್ರ ತೆಗೆದು ತರಗತಿಗೆ ಬರುವಂತೆ ಸೂಚಿಸಲಾಯಿತು. ಆಕೆ ಒಪ್ಪಲಿಲ್ಲ. ಪ್ರಕರಣ ಜಿಲ್ಲೆಯ ಗಡಿ ದಾಟಿ ಸುದ್ದಿಯಾಯಿತು, ಆದರೆ ಕಾನೂನಿನ ಪ್ರಶ್ನೆ ಇತ್ಯರ್ಥವಾಗದೆ ಉಳಿಯಿತು. 12 ವರ್ಷಗಳ ಬಳಿಕ, 2021ರ ಕೊನೆಯಲ್ಲಿ, ನೆರೆಯ ಉಡುಪಿಯ ಸರಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಅದೇ ಪ್ರಶ್ನೆ ಮತ್ತೆ ಎದ್ದು ಸುಪ್ರೀಂ ಕೋರ್ಟ್‌ವರೆಗೂ ಹೋಯಿತು.

ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆಯ ಪೋಷಕರಿಗೆ ಇದು ದೂರದ ಚರ್ಚೆಯಲ್ಲ. ದೇವಸ್ಥಾನ, ಚರ್ಚ್, ಮುಸ್ಲಿಂ ಸಂಸ್ಥೆ, ಜೈನ ಮನೆತನ, ಖಾಸಗಿ ಟ್ರಸ್ಟ್ ಹಾಗೂ ಸರಕಾರ ನಡೆಸುವ ಶಾಲೆಗಳು ಇಲ್ಲಿ ಕೆಲವೇ ಮೈಲಿಗಳ ಅಂತರದಲ್ಲಿವೆ. ಉಜಿರೆ ಮತ್ತು ಮೂಡುಬಿದಿರೆಯ ವಿದ್ಯಾರ್ಥಿನಿಲಯಗಳಿಗೆ ಹೊರಜಿಲ್ಲೆಗಳಿಂದಲೂ ಮಕ್ಕಳು ಬರುತ್ತಾರೆ. ಪ್ರವೇಶದ ದಿನ ನಿಯಮಾವಳಿಯ ಪುಸ್ತಿಕೆಯ ಕೊನೆಯ ಪುಟಕ್ಕೆ ಸಹಿ ಹಾಕುವ ತಂದೆತಾಯಿಯರಲ್ಲಿ ಅದನ್ನು ಪೂರ್ತಿ ಓದುವವರು ವಿರಳ. ವಿವಾದ ಎದ್ದಾಗ ಎಲ್ಲರೂ ಮೊದಲು ತೆರೆಯುವುದು ಮಾತ್ರ ಅದೇ ಪುಸ್ತಿಕೆಯನ್ನು.

ಆ ನಿಯಮಕ್ಕೆ ಕಾನೂನಿನ ಬಲವಿದೆಯೇ ಎಂಬುದೇ ಮುಖ್ಯ ಪ್ರಶ್ನೆ. ಇದಕ್ಕೆ ಸುಪ್ರೀಂ ಕೋರ್ಟ್ 1986ರ ಆಗಸ್ಟ್ 11ರಂದು ನೀಡಿದ ಬಿಜೋ ಇಮ್ಯಾನುವೆಲ್ ತೀರ್ಪು ಇಂದಿಗೂ ಆಧಾರ. ಯೆಹೋವನ ಸಾಕ್ಷಿಗಳ ಪಂಥಕ್ಕೆ ಸೇರಿದ ಕೇರಳದ ಮೂವರು ಮಕ್ಕಳು ರಾಷ್ಟ್ರಗೀತೆಯ ವೇಳೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. 1985ರಲ್ಲಿ ಅವರನ್ನು ಶಾಲೆಯಿಂದ ಹೊರಹಾಕಲಾಯಿತು. ಹಾಡಲೇಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ, ಇಲಾಖೆಯ ಸುತ್ತೋಲೆ ಕಾನೂನಲ್ಲ, ಕಾನೂನಿನ ಬೆಂಬಲವಿಲ್ಲದೆ ಅಭಿವ್ಯಕ್ತಿ ಮತ್ತು ಧರ್ಮದ ಹಕ್ಕುಗಳನ್ನು ಮೊಟಕುಗೊಳಿಸಲಾಗದು ಎಂದು ನ್ಯಾಯಾಲಯ ಹೇಳಿತು. ಮಕ್ಕಳು ಮರಳಿ ಶಾಲೆಗೆ ಸೇರಬೇಕೆಂದು ಆದೇಶಿಸಿತು. ಮೌನವೂ ಅಭಿವ್ಯಕ್ತಿಯ ಹಕ್ಕಿನೊಳಗೆ ಬರುತ್ತದೆ ಎಂಬುದು ಆ ತೀರ್ಪಿನ ತಿರುಳು.

ಸಮವಸ್ತ್ರದ ವಿಚಾರದಲ್ಲಿ ಕರ್ನಾಟಕದಲ್ಲಿ ಲಿಖಿತ ಕಾನೂನಿದೆ. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಡಿ ರೂಪುಗೊಂಡ 1995ರ ನಿಯಮಾವಳಿಯ 11ನೇ ನಿಯಮದಂತೆ ಸಂಸ್ಥೆಗಳು ಸಮವಸ್ತ್ರ ನಿಗದಿಪಡಿಸಬಹುದು. ಆದರೆ ಒಮ್ಮೆ ನಿಗದಿಪಡಿಸಿದ್ದನ್ನು 5 ವರ್ಷ ಬದಲಿಸುವಂತಿಲ್ಲ, ಬದಲಿಸುವುದಾದರೆ ಕನಿಷ್ಠ 1 ವರ್ಷ ಮೊದಲೇ ಪೋಷಕರಿಗೆ ತಿಳಿಸಬೇಕು. ವಿವಾದದ ಗದ್ದಲದಲ್ಲಿ ಈ ಎರಡನೆಯ ಭಾಗ ಬಹುತೇಕ ಮರೆತೇಹೋಗಿತ್ತು.

2022ರ ಫೆಬ್ರವರಿ 5ರಂದು ರಾಜ್ಯ ಸರಕಾರ ಇದೇ ಕಾಯ್ದೆಯ 133(2)ನೇ ಕಲಮಿನಡಿ ಆದೇಶ ಹೊರಡಿಸಿತು. ಸರಕಾರಿ ಶಾಲೆಗಳಲ್ಲಿ ಸರಕಾರ ನಿಗದಿಪಡಿಸಿದ, ಖಾಸಗಿ ಶಾಲೆಗಳಲ್ಲಿ ಆಡಳಿತ ಮಂಡಳಿ ನಿಗದಿಪಡಿಸಿದ, ಪದವಿಪೂರ್ವ ಕಾಲೇಜುಗಳಲ್ಲಿ ಕಾಲೇಜು ಅಭಿವೃದ್ಧಿ ಸಮಿತಿ ಅಥವಾ ಮಂಡಳಿ ನಿಗದಿಪಡಿಸಿದ ಸಮವಸ್ತ್ರ ಎಂಬುದು ಅದರ ಸಾರ. ಫೆಬ್ರವರಿ 10ರ ಮಧ್ಯಂತರ ಆದೇಶದಲ್ಲಿ ಹೈಕೋರ್ಟ್ ಹಿಜಾಬ್‌ನ ಜೊತೆಗೆ ಕೇಸರಿ ಶಾಲು, ಧಾರ್ಮಿಕ ಧ್ವಜಗಳನ್ನೂ ತರಗತಿಯಿಂದ ಹೊರಗಿಟ್ಟಿತು. ಸಮವಸ್ತ್ರ ನಿಗದಿಯಾಗಿರುವ ಸಂಸ್ಥೆಗಳಿಗೆ ಮಾತ್ರ ಇದು ಅನ್ವಯ ಎಂದೂ ಹೇಳಿತ್ತು. ಮಾರ್ಚ್ 15ರಂದು ಮುಖ್ಯ ನ್ಯಾಯಮೂರ್ತಿ ಋತುರಾಜ್ ಅವಸ್ಥಿ ನೇತೃತ್ವದ ಪೂರ್ಣಪೀಠ, ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲ, ಸಮವಸ್ತ್ರ ಸಮಂಜಸ ನಿರ್ಬಂಧ ಎಂದು ತೀರ್ಪಿತ್ತು ಅರ್ಜಿಗಳನ್ನು ವಜಾಗೊಳಿಸಿತು.

ಸುಪ್ರೀಂ ಕೋರ್ಟ್‌ನಲ್ಲಿ 2022ರ ಅಕ್ಟೋಬರ್ 13ರಂದು ಇಬ್ಬರು ನ್ಯಾಯಮೂರ್ತಿಗಳು ಎರಡು ದಾರಿ ಹಿಡಿದರು. ಹೇಮಂತ್ ಗುಪ್ತಾ ಹೈಕೋರ್ಟ್ ತೀರ್ಪನ್ನು ಎತ್ತಿಹಿಡಿದರೆ, ಸುಧಾಂಶು ಧೂಲಿಯಾ ಬಿಜೋ ಇಮ್ಯಾನುವೆಲ್ ತೀರ್ಪನ್ನೇ ಮುಂದಿಟ್ಟು ಹೆಣ್ಣುಮಕ್ಕಳ ಶಿಕ್ಷಣ ತಪ್ಪಬಾರದೆಂದರು. ವಿಸ್ತೃತ ಪೀಠಕ್ಕಾಗಿ ವಿಷಯ ಮುಖ್ಯ ನ್ಯಾಯಮೂರ್ತಿಗಳ ಮುಂದೆ ಹೋಯಿತು. 2023ರ ಡಿಸೆಂಬರ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ನಿಷೇಧ ಹಿಂಪಡೆಯುವ ಮಾತನಾಡಿ, ಮರುದಿನವೇ ಅದು ಪರಿಶೀಲನೆಯಲ್ಲಿದೆ ಎಂದು ಸ್ಪಷ್ಟನೆ ನೀಡಿದರು. ನ್ಯಾಯಾಲಯ, ಸರಕಾರಗಳು ಯೋಚಿಸುತ್ತಿರುವಾಗ ಹಾಜರಾತಿ ಪುಸ್ತಕ ಕಾಯುವುದಿಲ್ಲ. 2022ರಲ್ಲಿ ಪ್ರಾಯೋಗಿಕ ಪರೀಕ್ಷೆಗೆ ಗೈರಾದವರಿಗೆ ಮರುಪರೀಕ್ಷೆ ಇಲ್ಲವೆಂದು ಸರಕಾರ ಹೇಳಿತ್ತು.

ಖಾಸಗಿ ಸಂಸ್ಥೆಗಳ ಮಾತು ಸ್ವಲ್ಪ ಬೇರೆ. ಅಲ್ಪಸಂಖ್ಯಾತರಿಗೆ ತಮ್ಮ ಸಂಸ್ಥೆ ನಡೆಸುವ ಹಕ್ಕನ್ನು ಸಂವಿಧಾನದ 30ನೇ ವಿಧಿ ನೀಡಿದೆ. ಖಾಸಗಿ ಶಾಲೆಯಲ್ಲಿ ಸಂಸ್ಥೆಯ ಹಕ್ಕಿಗಿಂತ ವಿದ್ಯಾರ್ಥಿಯ ವೈಯಕ್ತಿಕ ಹಕ್ಕು ಮಿಗಿಲಲ್ಲ ಎಂದು ಕೇರಳ ಹೈಕೋರ್ಟ್ 2018ರಲ್ಲಿ ಹೇಳಿತು. ಆದರೆ ಮುಂಬಯಿಯ ಖಾಸಗಿ ಕಾಲೇಜೊಂದು ಹಿಜಾಬ್, ಟೋಪಿ ಮೊದಲಾದವನ್ನು ನಿಷೇಧಿಸಿದ್ದಕ್ಕೆ 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಭಾಗಶಃ ತಡೆ ನೀಡಿ, ತಿಲಕ, ಬಿಂದಿಯನ್ನೂ ನಿಷೇಧಿಸುವಿರಾ ಎಂದು ಪ್ರಶ್ನಿಸಿತು.

ಇಷ್ಟಾಗಿ ಆಡಳಿತ ಮಂಡಳಿಗೂ ಮಿತಿಗಳಿವೆ. ಸರಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ, ಪೂಜೆಗಳಲ್ಲಿ ಪಾಲ್ಗೊಳ್ಳುವಂತೆ ಯಾರನ್ನೂ ಬಲವಂತಪಡಿಸಲು 28(3)ನೇ ವಿಧಿ ಬಿಡುವುದಿಲ್ಲ. ಅಪ್ರಾಪ್ತ ವಯಸ್ಕರಾದರೆ ಪೋಷಕರ ಒಪ್ಪಿಗೆ ಬೇಕು. ಬೆಳಗಿನ ಪ್ರಾರ್ಥನೆ ಯಾವ ಧರ್ಮದ್ದೇ ಆಗಿರಲಿ, ಈ ವಿಧಿ ನೆನಪಿರಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಮಿನಂತೆ 8ನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. 17ನೇ ಕಲಮು ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳಗಳನ್ನು ನಿಷೇಧಿಸುತ್ತದೆ.

ಬಾಗಿಲಲ್ಲೇ ತಡೆದಾಗ ಬಾಯಿಮಾತಿನ ವಾಗ್ವಾದಕ್ಕಿಳಿಯುವುದಕ್ಕಿಂತ, ಯಾವ ನಿಯಮದಡಿ, ಯಾರ ಆದೇಶದಂತೆ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯುವುದು ಮೇಲು. ಶಾಲೆಗಳ ಕುರಿತು ತಾಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗೆ, ಪದವಿಪೂರ್ವ ಕಾಲೇಜುಗಳ ಕುರಿತು ಇಲಾಖೆಯ ಉಪನಿರ್ದೇಶಕರಿಗೆ ದೂರು ಸಲ್ಲಿಸುವಾಗಲೂ, ಹೈಕೋರ್ಟ್ ಮೆಟ್ಟಿಲೇರುವಾಗಲೂ ಮೊದಲು ಬೇಕಾಗುವುದು ಆ ಕಾಗದವೇ.