ಕಿರುತೆರೆಯ ಪ್ರೇತಾನ್ವೇಷಣೆ

ಹಳೆಯ ಮಹಲೊಂದರ ನೆಲಮಾಳಿಗೆ. ದೀಪಗಳನ್ನೆಲ್ಲ ಆರಿಸಲಾಗಿದೆ. ತೆರೆಯ ಮೇಲೆ ಎಲ್ಲವೂ ಪಾಚಿಯ ಬಣ್ಣ. ಮನುಷ್ಯರ ಕಣ್ಣುಗಳು ಮಾತ್ರ ಬೆಕ್ಕಿನ ಕಣ್ಣುಗಳಂತೆ ಹೊಳೆಯುತ್ತಿವೆ. ಎಲ್ಲಿಯೋ 'ಟಕ್' ಎಂದು ಸದ್ದಾಗುತ್ತದೆ. ಒಬ್ಬಾಕೆ ಚೀರುತ್ತಾಳೆ, ಉಳಿದವರು ಓಡುತ್ತಾರೆ, ಕ್ಯಾಮರಾವೂ ಅವರ ಬೆನ್ನ ಹಿಂದೆಯೇ ಓಡುತ್ತದೆ. ಕಂಡುದೇನು ಎಂದು ಕೇಳಿದರೆ, ಏನೂ ಇಲ್ಲ. ಆದರೂ ಮನೆಯ ಜಗಲಿಯಲ್ಲಿ ಕುಳಿತು ನೋಡುವವರ ಮೈ ಜುಮ್ಮೆನ್ನುತ್ತದೆ.

ಇಂಗ್ಲೆಂಡಿನ 'ಮೋಸ್ಟ್ ಹಾಂಟೆಡ್' ಎಂಬ ಕಾರ್ಯಕ್ರಮದ ಪರಿ ಇದು. 2002ನೆಯ ಇಸವಿಯ ಮೇ ತಿಂಗಳಲ್ಲಿ 'ಲಿವಿಂಗ್' ವಾಹಿನಿಯಲ್ಲಿ ಆರಂಭವಾದ ಈ ಮಾಲಿಕೆ ಅಲ್ಲಿ 2010ರವರೆಗೆ ನಡೆಯಿತು. ಕೆಲವು ವರ್ಷಗಳ ಬಿಡುವಿನ ತರುವಾಯ ಬೇರೊಂದು ವಾಹಿನಿಯಲ್ಲಿ ಮತ್ತೆ ಕಾಣಿಸಿಕೊಂಡಿತು. ನಿರೂಪಕಿ ಈವೆಟ್ ಫೀಲ್ಡಿಂಗ್, ಅದಕ್ಕೆ ಮೊದಲು 'ಬ್ಲೂ ಪೀಟರ್' ಎಂಬ ಮಕ್ಕಳ ಕಾರ್ಯಕ್ರಮದಿಂದ ಮನೆಮಾತಾಗಿದ್ದವರು. ಮಕ್ಕಳಿಗೆ ಕಾಗದದ ಆಟಿಕೆ ಮಾಡಲು ಕಲಿಸಿದ ಮುಖವೇ ಈಗ ಕತ್ತಲಲ್ಲಿ ನಡುಗತೊಡಗಿದಾಗ ನೋಡುವವರು ನಂಬದೆ ಇರುವುದು ಕಷ್ಟವಾಯಿತು. ಆಕೆಯೂ ಪತಿ ಕಾರ್ಲ್ ಬೀಟಿಯೂ ಸೇರಿಯೇ ಇದನ್ನು ನಿರ್ಮಿಸಿದರು.

ತಂಡದಲ್ಲಿ ಇಬ್ಬರು ಮುಖ್ಯರು. ಒಬ್ಬರು, ಸತ್ತವರ ಆತ್ಮಗಳೊಡನೆ ಮಾತನಾಡಬಲ್ಲೆನೆಂದು ಹೇಳುತ್ತಿದ್ದ 'ಮೀಡಿಯಂ' ಡೆರೆಕ್ ಅಕೋರಾ. ಇನ್ನೊಬ್ಬರು, ಇಂಥ ಅನುಭವಗಳನ್ನು ಶಾಸ್ತ್ರೀಯವಾಗಿ ಪರೀಕ್ಷಿಸುವ ವಿದ್ವಾಂಸ ಕಿಯರನ್ ಓಕೀಫ್. ತಾವು ಕಾಲಿಡುವ ಕಟ್ಟಡದ ಇತಿಹಾಸವನ್ನು ಅಕೋರಾ ಮುಂಚಿತವಾಗಿ ತಿಳಿದಿರುವುದಿಲ್ಲ ಎಂಬುದೇ ಕಾರ್ಯಕ್ರಮದ ಜೀವಾಳ. ಅವರು ಹೆಸರು ಹೇಳುವರು, ಮರಣದ ಬಗೆ ಹೇಳುವರು. ಒಮ್ಮೊಮ್ಮೆ ಆ ಆತ್ಮವೇ ಮೈಮೇಲೆ ಬಂದು ಗುಡುಗುವುದು.

ಓಕೀಫರಿಗೆ ಸಂಶಯ ಹುಟ್ಟಿತು. 2005ರಲ್ಲಿ 'ಡೈಲಿ ಮಿರರ್' ಪತ್ರಿಕೆಗೆ ಅವರು ತಿಳಿಸಿದ ಸಂಗತಿ ಹೀಗಿದೆ. ಕಾರ್ನ್‌ವಾಲಿನ ಬಾಡ್ಮಿನ್ ಸೆರೆಮನೆಯಲ್ಲಿ ಚಿತ್ರೀಕರಣವಿದ್ದಾಗ, ಎಂದೂ ಇರದಿದ್ದ ಒಬ್ಬ ದಕ್ಷಿಣ ಆಫ್ರಿಕಾದ ಜೈಲರನನ್ನು ಅವರು ತಮ್ಮ ತಲೆಯಲ್ಲೇ ಸೃಷ್ಟಿಸಿದರು. ಹೆಸರು 'ಕ್ರೀಡ್ ಕೇಫರ್'. ತಂಡದ ಇನ್ನೊಬ್ಬರ ಮೂಲಕ ಆ ಹೆಸರು ಅಕೋರಾರ ಕಿವಿಗೆ ಬೀಳುವಂತೆ ನೋಡಿಕೊಂಡರು. ಆಮೇಲೆ ಕ್ಯಾಮರಾದ ಮುಂದೆ ಅದೇ ಜೈಲರ್ ಅಕೋರಾರ ಮೈಮೇಲೆ ಬಂದನು! ಆ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಅದಲುಬದಲು ಮಾಡಿದರೆ ದೊರೆಯುವುದು 'ಡೆರೆಕ್ ಫೇಕರ್', ಎಂದರೆ 'ವಂಚಕ ಡೆರೆಕ್'. ಇನ್ನೊಂದೆಡೆ 'ರಿಕ್ ಈಡಲ್ಸ್' ಎಂಬ ದಾರಿಗಳ್ಳನನ್ನೂ ಅವರು ಹುಟ್ಟಿಸಿದರು. ಅದನ್ನು ಬಿಡಿಸಿ ಜೋಡಿಸಿದರೆ 'ಡೆರೆಕ್ ಸುಳ್ಳಾಡುತ್ತಾನೆ' ಎಂದಾಗುತ್ತದೆ. ಸ್ಕಾಟ್ಲೆಂಡಿನ ಕ್ರೇಗಿವಾರ್ ಕೋಟೆಯಲ್ಲಿ ಹೆಣೆದ ಕತೆ ಇನ್ನೂ ತಮಾಷೆಯದು. ಅಲ್ಲಿ ತೇಲಿಬಿಟ್ಟುದು 1199ರಲ್ಲಿ ಮಡಿದ ದೊರೆ ರಿಚರ್ಡನ ಹೆಸರನ್ನು. ಕೋಟೆ ಪೂರ್ಣವಾದುದಾದರೋ ಹದಿನೇಳನೆಯ ಶತಮಾನದಲ್ಲಿ. ಅಕೋರಾ ಈ ಆಪಾದನೆಗಳನ್ನು ಒಪ್ಪಲಿಲ್ಲ. ತಮ್ಮ ಶಕ್ತಿ ನಿಜವೆಂದೇ 2020ರಲ್ಲಿ ತೀರಿಕೊಳ್ಳುವವರೆಗೂ ಹೇಳುತ್ತ ಬಂದರು.

ಇಲ್ಲಿ ಕಾಸರಗೋಡಿನ ನಮ್ಮ ಓದುಗರು, 'ಮೈಮೇಲೆ ಬರುವುದು ನಮಗೇನೂ ಹೊಸತಲ್ಲವಲ್ಲ' ಎಂದಾರು. ನಿಜ. ಆದರೆ ಭೂತದ ಕೋಲದಲ್ಲಿ ದೈವದ ಪಾಡ್ದನ ಎಲ್ಲರಿಗೂ ಗೊತ್ತಿರುವಂಥದು. ಕಟ್ಟಿದವನಿಗೆ ಅದು ಗೊತ್ತೇ ಇರಲಿಲ್ಲವೆಂದು ಯಾರೂ ವಾದಿಸುವುದಿಲ್ಲ. ಗೊತ್ತಿರುವುದೇ ಅವನ ಅರ್ಹತೆ. ದೈವವು ಊರಿನೊಡನೆ ಮಾತನಾಡುತ್ತದೆ, ಊರೂ ದೈವವನ್ನು ಪ್ರಶ್ನಿಸುತ್ತದೆ. ಟಾರ್ಚು ಹಿಡಿದು ಬೆನ್ನಟ್ಟುವ ವಸ್ತು ಅದಲ್ಲ. ಲಿವಿಂಗ್ ವಾಹಿನಿಯ ಮೀಡಿಯಂನ ಬೆಲೆಯೆಲ್ಲ ನಿಂತಿದ್ದುದು 'ತಿಳಿದಿರಲಿಲ್ಲ' ಎಂಬ ಒಂದೇ ಮಾತಿನ ಮೇಲೆ. ಆ ಮಾತು ಅಲುಗಿದೊಡನೆ ಉಳಿದುದು ನಾಟಕ ಮಾತ್ರ.

ನೋಡುಗರು ದೂರು ಕೊಟ್ಟರು. ಅಲ್ಲಿಯ ಪ್ರಸಾರ ನಿಯಂತ್ರಣ ಸಂಸ್ಥೆ ಆಫ್‌ಕಾಮ್ 2005ರ ಡಿಸೆಂಬರಿನಲ್ಲಿ ಕೊಟ್ಟ ತೀರ್ಮಾನ ವಿಚಿತ್ರವಾದುದು: ಇದರಲ್ಲಿ ಪ್ರದರ್ಶನಚಾತುರ್ಯ ಬಹಳವಾಗಿರುವುದರಿಂದ ಇದನ್ನು ನಿಜವಾದ ತನಿಖೆಯೆಂದು ಎಣಿಸುವಂತಿಲ್ಲ, ಇದು ಮನರಂಜನೆ, ಆದುದರಿಂದ ನಿಯಮಭಂಗವಾಗಿಲ್ಲ. ಯಾರೂ ನಂಬಲಾರರೆಂದು ಮೊದಲೇ ಗೃಹೀತ ಹಿಡಿದರೆ ಯಾರನ್ನೂ ಮೋಸಗೊಳಿಸಿದಂತಾಗುವುದಿಲ್ಲ ಎಂಬ ನ್ಯಾಯ! ಕಾನೂನಿಗೆ ಇದು ಸರಿ ಇರಬಹುದು. ತಾಯಂದಿರಿಗೆ ಸರಿ ಎನಿಸದು.

ಏಕೆಂದರೆ ನಂಬುವವರು ಇದ್ದಾರೆ ಎಂಬುದು ಅದೇ ದೇಶದಲ್ಲಿ ಹತ್ತು ವರ್ಷಗಳಿಗೂ ಹಿಂದೆಯೇ ತಿಳಿದಿದ್ದಿತು. 1992ರ ಅಕ್ಟೋಬರ್ 31ರ ರಾತ್ರಿ ಬಿ.ಬಿ.ಸಿ. 'ಗೋಸ್ಟ್‌ವಾಚ್' ಎಂಬುದನ್ನು ಪ್ರಸಾರ ಮಾಡಿತು. ಅದನ್ನು ಬರೆದವರು ಸ್ಟೀಫನ್ ವೋಕ್. ತಿಂಗಳುಗಳ ಹಿಂದೆಯೇ ಚಿತ್ರಿಸಿಟ್ಟ ಅಪ್ಪಟ ನಾಟಕ. ಆದರೆ ಹೆಸರಾಂತ ನಿರೂಪಕ ಮೈಕೇಲ್ ಪಾರ್ಕಿನ್ಸನ್ ಮೊದಲಾದವರು ತಮ್ಮ ಸ್ವಂತ ಹೆಸರಿನಲ್ಲೇ ಅಭಿನಯಿಸಿದ್ದರಿಂದ, ತಾಯಿಯೂ ಇಬ್ಬರು ಹೆಣ್ಣುಮಕ್ಕಳೂ ಇರುವ ಮನೆಯೊಂದರಿಂದ ನೇರ ಪ್ರಸಾರವೇ ನಡೆಯುತ್ತಿದೆಯೆಂದು ಅನೇಕರು ಭ್ರಮಿಸಿದರು. ದೂರವಾಣಿ ಕರೆಗಳು ಸುರಿದುವು. 1994ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್' ಪತ್ರಿಕೆಯಲ್ಲಿ ವೈದ್ಯರು, ಇದನ್ನು ನೋಡಿ ದೊಡ್ಡ ಆಘಾತಕ್ಕೆ ಒಳಗಾದವರಂತೆ ಮನೋವಿಕಾರಕ್ಕೆ ತುತ್ತಾದ ಹತ್ತು ವರ್ಷದ ಇಬ್ಬರು ಬಾಲಕರ ವಿಷಯವನ್ನು ವರದಿ ಮಾಡಿದರು. ಬಿ.ಬಿ.ಸಿ. ಅದನ್ನು ತನ್ನ ವಾಹಿನಿಯಲ್ಲಿ ಮತ್ತೆ ಪ್ರಸಾರ ಮಾಡಲಿಲ್ಲ.

ಹಾಗಾದರೆ ಇಂಥ ಜಾಗಗಳಲ್ಲಿ ಜನರಿಗೆ ಆಗುವ ಅನುಭವವೆಲ್ಲ ಬರಿಯ ಸುಳ್ಳೇ? ಹಾಗೆನ್ನಲಾಗದು. ವಿಕ್ ಟ್ಯಾಂಡಿ ಎಂಬ ಇಂಗ್ಲಿಷ್ ಎಂಜಿನಿಯರು ತಮ್ಮ ಪ್ರಯೋಗಾಲಯದಲ್ಲಿ ಒಂದು ರಾತ್ರಿ ಕಣ್ಣಂಚಿನಲ್ಲಿ ಬೂದುಬಣ್ಣದ ಆಕೃತಿಯನ್ನು ಕಂಡು ಬೆವರಿದರು. ತಿರುಗಿ ನೋಡಿದರೆ ಮಾಯ. ಮರುದಿನ ಇಕ್ಕುಳದಲ್ಲಿ ಸಿಕ್ಕಿಸಿದ ಕತ್ತಿಯ ಅಲಗು ತಾನಾಗಿಯೇ ಕಂಪಿಸತೊಡಗಿತು. ಓಡಿಹೋಗುವ ಬದಲು ಅವರು ಹುಡುಕಿದರು. ಹೊಸದಾಗಿ ಕೂರಿಸಿದ್ದ ಫ್ಯಾನೊಂದು ಸೆಕೆಂಡಿಗೆ ಸುಮಾರು 19 ಕಂಪನಗಳ, ಕಿವಿಗೆ ಕೇಳಿಸದ ಸದ್ದನ್ನು ಹೊರಡಿಸುತ್ತಿದ್ದಿತು. 1998ರಲ್ಲಿ ಅವರು ಪ್ರಕಟಿಸಿದ ಈ ಲೇಖನ ಬಹಳ ಪ್ರಸಿದ್ಧವಾಯಿತು. ಆದರೆ ಅಲ್ಲಿಗೇ ಮುಗಿಯಲಿಲ್ಲ. ಲಂಡನ್ನಿನ ಮನಶ್ಶಾಸ್ತ್ರಜ್ಞ ಕ್ರಿಸ್ ಫ್ರೆಂಚ್ ಮತ್ತು ಸಂಗಡಿಗರು ಒಂದು ಖಾಲಿ ಕೋಣೆಯಲ್ಲಿ ಅಂಥ ಸದ್ದನ್ನು ಒಮ್ಮೆ ಹೊರಡಿಸಿ, ಒಮ್ಮೆ ನಿಲ್ಲಿಸಿ ನೋಡಿದರು. ಒಳಗೆ ಹೋದವರಿಗೆ, ಏನಾದರೂ ವಿಚಿತ್ರವೆನಿಸಬಹುದೆಂದು ಮೊದಲೇ ತಿಳಿಸಲಾಗಿದ್ದಿತು. ತಲೆ ತಿರುಗಿತೆಂದವರು, ಪಕ್ಕದಲ್ಲಿ ಯಾರೋ ನಿಂತಂತಾಯಿತೆಂದವರು ಹಲವರು. ಸದ್ದು ಇದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ.

ಇನ್ನು ಇಂಥ ಕಾರ್ಯಕ್ರಮಗಳಲ್ಲಿ ಆತ್ಮವೆಂದು ತೋರಿಸುವ ಬಿಳಿಯ ಉಂಡೆಗಳ ವಿಷಯ. ಕತ್ತಲಿನ ಕ್ಯಾಮರಾ, ಮನುಷ್ಯನ ಕಣ್ಣಿಗೆ ಕಾಣದ ಅವರೋಹಿತ ಬೆಳಕಿನ ದೀಪವನ್ನು ಮಸೂರದ ಪಕ್ಕದಲ್ಲೇ ಹೊತ್ತಿರುತ್ತದೆ. ಮಸೂರದ ತೀರ ಹತ್ತಿರ ತೇಲುವ ಧೂಳಿನ ಕಣ ಆ ಬೆಳಕಿಗೆ ಹೊಳೆದು, ಅಸ್ಪಷ್ಟವಾಗಿ ಹಿಗ್ಗಿ, ದುಂಡಗೆ ಕಾಣುತ್ತದೆ. ಮನೆಯಲ್ಲಿ ಮಕ್ಕಳು ಹೆದರಿದ್ದರೆ ಸಂಜೆ ದೀಪವಾರಿಸಿ, ಹಳೆಯ ಜಮಖಾನವೊಂದನ್ನು ಅವರ ಮುಂದೆಯೇ ಎರಡು ಸಲ ಕೊಡವಿ, ಮೊಬೈಲಿನ ಫ್ಲಾಷ್ ಹಾಕಿ ಒಂದು ಚಿತ್ರ ತೆಗೆಯಿರಿ. ಚಿತ್ರದ ತುಂಬ ಉಂಡೆಗಳೇ. ಎಷ್ಟು ಬಂದುವೆಂದು ಎಣಿಸುವ ಕೆಲಸ ಅವರಿಗೇ ಇರಲಿ.