ಕೇಳಿಸದ ಮಾತು ಮನಸ್ಸನ್ನು ಮುಟ್ಟುವುದೆ?

ಕೆಂಗೇರಿ ಉಪನಗರದ ಕಡೆಯಿಂದ ನಗರದ ಕಾಲೇಜುಗಳಿಗೆ ಹೋಗುವ ವಿದ್ಯಾರ್ಥಿಗಳಿಗೆ 2021ರ ಆಗಸ್ಟಿನಿಂದ ಮೆಟ್ರೋ ರೈಲಿನ ಅನುಕೂಲವುಂಟು. ಗಾಡಿಯಲ್ಲಿ ಕುಳಿತವರ ಕಿವಿಯಲ್ಲಿ ಇಯರ್‌ಫೋನು ಕಾಣುವುದು ಸಾಮಾನ್ಯ. ಅದರಲ್ಲಿ ಬರುವುದೆಲ್ಲ ಚಿತ್ರಗೀತೆಯಲ್ಲ. ಪರೀಕ್ಷೆ ಸಮೀಪಿಸಿದಾಗ ಕೆಲವರು ‘ಸಬ್ಲಿಮಿನಲ್’ ಎಂಬ ಹೆಸರಿನ ಧ್ವನಿಮುದ್ರಣಗಳನ್ನು ಕೇಳುತ್ತಾರೆ. ಮೇಲೆ ಮಳೆಯ ಸದ್ದೋ ಕೊಳಲಿನ ನಾದವೋ ಇರುತ್ತದೆ. ಅದರ ಅಡಿಯಲ್ಲಿ, ಕಿವಿಗೆ ತಿಳಿಯದಷ್ಟು ಮೆಲ್ಲಗೆ, ‘ನನ್ನ ಜ್ಞಾಪಕಶಕ್ತಿ ಬೆಳೆಯುತ್ತಿದೆ’ ಎಂಬಂಥ ವಾಕ್ಯಗಳು. ಇವು ಬುದ್ಧಿಯ ಕಾವಲನ್ನು ತಪ್ಪಿಸಿ ಸುಪ್ತಮನಸ್ಸನ್ನು ಸೇರುತ್ತವೆಂದು ಮಾರುವವರ ಹೇಳಿಕೆ. ದಿನಕ್ಕೆ ಎಷ್ಟು ಕೇಳಬಹುದು, ಹೆಚ್ಚಾದರೆ ಮನಸ್ಸಿಗೆ ಭಾರವಾಗದೆ ಎಂದು ವಿದ್ಯಾರ್ಥಿಗಳು ಪ್ರಶ್ನಿಸುವುದುಂಟು. ಅದಕ್ಕೆ ಮೊದಲು, ಆ ವಾಕ್ಯವು ಮನಸ್ಸಿನವರೆಗೆ ಹೋಗುವುದೇ ಎಂಬುದನ್ನು ನಾವು ವಿಚಾರಿಸಬೇಕು.

ಮದುವೆಮನೆಯಲ್ಲಿ ಓಲಗ ಮೊಳಗುತ್ತಿರುವಾಗ ಪಕ್ಕದವರು ಪಿಸುಗುಟ್ಟಿದರೆ ತುಟಿ ಅಲುಗುವುದು ಕಾಣುತ್ತದೆಯೇ ಹೊರತು ಮಾತು ಕೇಳಿಸದು. ಪಿಸುಮಾತಿನ ಅಲೆಗಳೇನೋ ಕಿವಿಯನ್ನು ಹೊಕ್ಕಿರುತ್ತವೆ. ಆದರೆ ಒಳಗಿವಿಯ ಶಂಖದಂಥ ಸುರುಳಿಯಲ್ಲಿ ಒಂದು ತೆಳುಪೊರೆಯಿದೆ; ಅದರ ಒಂದೊಂದು ಭಾಗವೂ ಒಂದೊಂದು ಆವೃತ್ತಿಗೆ ಹೆಚ್ಚಾಗಿ ಕಂಪಿಸುತ್ತದೆ. ದೊಡ್ಡ ಸದ್ದು ಆಗಲೇ ಅಲುಗಿಸುತ್ತಿರುವ ಭಾಗದಲ್ಲಿ ಸಣ್ಣ ಸದ್ದಿನ ಅಲುಗಾಟವು ಪ್ರತ್ಯೇಕವಾಗಿ ಗುರುತಾಗುವುದಿಲ್ಲ. ಸಂಗೀತವು 60 ಡೆಸಿಬೆಲ್, ಮಾತು 30 ಡೆಸಿಬೆಲ್ ಇದ್ದರೆ ತೀವ್ರತೆಯ ಅಂತರ ಸಾವಿರ ಪಟ್ಟು. ಇನ್ನೊಂದು ತಮಾಷೆಯುಂಟು: ಎಂಪಿ3 ಕಡತಗಳು ಚಿಕ್ಕವಾಗುವುದೇ, ಬಹುಪಾಲು, ಹೀಗೆ ಮರೆಯಾಗುವ ಸದ್ದುಗಳನ್ನು ಕೈಬಿಡುವುದರಿಂದ. ಬಚ್ಚಿಟ್ಟ ಉಪದೇಶವು ಅಲ್ಲಿಯೇ ಅಳಿಸಿಹೋಗಿರಲೂಬಹುದು!

ಈ ನಂಬಿಕೆಗೆ ಪ್ರಚಾರ ತಂದವನು ಅಮೆರಿಕದ ಜೇಮ್ಸ್ ವಿಕರಿ. ಚಲನಚಿತ್ರದ ನಡುವೆ ಕಣ್ಣಿಗೆ ತಿಳಿಯದಂತೆ ಜಾಹೀರಾತನ್ನು ಮಿನುಗಿಸಿ ಪಾನೀಯದ ಮಾರಾಟವನ್ನು ಹೆಚ್ಚಿಸಿದೆನೆಂದು 1957ರಲ್ಲಿ ಸಾರಿದನು; ತನ್ನ ಅಂಕಿ ಅಂಶಗಳು ಅರ್ಥವಿಲ್ಲದಷ್ಟು ಅಲ್ಪವೆಂದು 1962ರಲ್ಲಿ ತಾನೇ ಒಪ್ಪಿದನು. ಇದಕ್ಕಿಂತ ಬೆಲೆಯುಳ್ಳದ್ದು ಗ್ರೀನ್‌ವಾಲ್ಡ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ಪ್ರಯೋಗ. ಜ್ಞಾಪಕಶಕ್ತಿಗೊಂದು, ಆತ್ಮಗೌರವಕ್ಕೊಂದು ಎಂದು ಮಾರಾಟದಲ್ಲಿದ್ದ ಕ್ಯಾಸೆಟ್ಟುಗಳನ್ನು ತಂದು, ಅರ್ಧದಷ್ಟರ ಮೇಲಿನ ಚೀಟಿಗಳನ್ನು ಅದಲುಬದಲು ಮಾಡಿದರು. ಒಂದು ತಿಂಗಳು ಕೇಳಿದ ಮೇಲೆ ಪರೀಕ್ಷಿಸಿದಾಗ, ಒಳಗಿದ್ದ ಉಪದೇಶಕ್ಕೆ ತಕ್ಕ ಫಲವೇನೂ ಕಂಡುಬರಲಿಲ್ಲ. ಆದರೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಮಂದಿ, ಚೀಟಿಯಲ್ಲಿ ಬರೆದಿದ್ದ ಗುಣವು ತಮ್ಮಲ್ಲಿ ಹೆಚ್ಚಿತೆಂದೇ ತಿಳಿದಿದ್ದರು. ಕೆಲಸ ಮಾಡಿದ್ದು ಚೀಟಿ! ಪ್ರಜ್ಞೆಗೆ ನಿಲುಕದ ಶಬ್ದವು ಮಿದುಳಿನ ಮೇಲೆ ಕಿಂಚಿತ್ ಪ್ರಭಾವ ಬೀರುವುದು ಪ್ರಯೋಗಶಾಲೆಗಳಲ್ಲಿ ಕಂಡಿದೆ, ನಿಜ. ಆದರೆ ಅದು ಕ್ಷಣಿಕವಾದುದು. ಅದರಿಂದ ಅಂಕಪಟ್ಟಿ ಬದಲಾಗುವುದೆಂದು ಹೇಳಲು ಆಧಾರವಿಲ್ಲ.

ಹಾಗಾದರೆ ರಾತ್ರಿಯಿಡೀ ಐದಾರು ಮುದ್ರಣಗಳನ್ನು ಕೇಳಿದವರಿಗೆ ಬೆಳಗ್ಗೆ ತಲೆ ಭಾರವಾಗುವುದೇಕೆ? ಉಪದೇಶಗಳು ಮನಸ್ಸಿನಲ್ಲಿ ತುಂಬಿ ತುಳುಕಿದ್ದರಿಂದಲ್ಲ. ನಿದ್ರೆ ಕೆಟ್ಟದ್ದರಿಂದ ಎಂದು ನಾವು ಭಾವಿಸುತ್ತೇವೆ. ಹಗಲು ಕಲಿತದ್ದು ನೆನಪಿನಲ್ಲಿ ನೆಲೆಗೊಳ್ಳಲು ನಿದ್ರೆ ಬೇಕು. ಜ್ಞಾಪಕಶಕ್ತಿಯ ಆಸೆಗೆ ನಿದ್ರೆಯನ್ನು ಮಾರುವುದು ನಷ್ಟದ ವ್ಯಾಪಾರ. ರೈಲಿನ ಗದ್ದಲವನ್ನು ಮೀರಿಸಲು ಸದ್ದು ಏರಿಸುವುದು ಮತ್ತೊಂದು ಅಪಾಯ. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ಹೇಳಿರುವ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. 90ಕ್ಕೆ ಏರಿಸಿದರೆ ತೀವ್ರತೆ ಹತ್ತು ಪಟ್ಟಾಗುತ್ತದೆ. ಆದುದರಿಂದ ಕಾಲವು 4 ಗಂಟೆಗೆ ಇಳಿಯುತ್ತದೆ. ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಧೈರ್ಯದ ಮಾತು ಬೇಕೆನ್ನುವವರು ಅದನ್ನು ಸ್ಪಷ್ಟವಾಗಿ ಕೇಳಿಸುವಂತೆ, ಒಂದು ವಿಷಯಕ್ಕೆ ಒಂದೇ ಮುದ್ರಣವನ್ನು, ಹತ್ತು ನಿಮಿಷ ಕೇಳಲಿ. ಓದುವಾಗಲೂ ಮಲಗುವಾಗಲೂ ಬೇಡ. ನಮ್ಮ ಮಾತಿನಲ್ಲಿ ಸಂಶಯವಿದ್ದರೆ ಪರೀಕ್ಷಿಸುವುದು ಕಷ್ಟವಲ್ಲ. ಸ್ನೇಹಿತನೊಬ್ಬನು ಸಬ್ಲಿಮಿನಲ್ ಮುದ್ರಣವೊಂದಕ್ಕೂ ಅದರಂತೆಯೇ ಕೇಳಿಸುವ ಬರಿಯ ಮಳೆಸದ್ದಿಗೂ ‘ಕ’, ‘ಖ’ ಎಂದು ತನಗೆ ತೋರಿದಂತೆ ಹೆಸರಿಟ್ಟು, ಗುಟ್ಟನ್ನು ಲಕೋಟೆಯಲ್ಲಿ ಮುಚ್ಚಿಡಲಿ. ನಾಲ್ಕು ವಾರ, ವಾರಕ್ಕೊಂದರಂತೆ ಸರದಿಯಲ್ಲಿ ಕೇಳಿ, ದಿನವೂ ಇಪ್ಪತ್ತು ಹೊಸ ಪದಗಳನ್ನು ಓದಿ, ನೆನಪುಳಿದವನ್ನು ಎಣಿಸಿ ಬರೆದಿಡಿ. ಲಕೋಟೆ ಒಡೆಯುವುದು ಲೆಕ್ಕ ಕೂಡಿದ ಮೇಲೆಯೇ.