ಯೋಜನಾ ಪದ್ಧತಿಯೂ ಪೋಷಕರ ಸಂದೇಹವೂ

ಅಗಲಬಾಯಿಯ ಸೀಸೆಯೊಂದರಲ್ಲಿ ಹಸಿ ಸಗಣಿಯನ್ನು ಹಾಕಿ ಕೆಲವು ಗಂಟೆಗಳ ಕಾಲ ತೆರೆದಿಟ್ಟರೆ ನೊಣಗಳು ಬಂದು ಮೊಟ್ಟೆಯಿಡುತ್ತವೆ. ಆಮೇಲೆ ಸೀಸೆಯ ಬಾಯಿಗೆ ತೆಳುಬಟ್ಟೆಯನ್ನು ಕಟ್ಟಿ ದಿನವೂ ನೋಡುತ್ತಿದ್ದರೆ, ಮೊಟ್ಟೆಯೊಡೆದು ಹುಳು ಬರುವುದೂ ಹುಳುವು ಕೋಶಾವಸ್ಥೆಯನ್ನು ಸೇರುವುದೂ ಕಡೆಗೆ ಕೋಶವನ್ನು ಭೇದಿಸಿ ಹೊಸ ನೊಣ ಹೊರಬೀಳುವುದೂ ಕಾಣಬರುತ್ತದೆ. ಬೇಸಗೆಯಲ್ಲಿ ಇದಕ್ಕೆಲ್ಲ ಸುಮಾರು 10 ದಿನ ಸಾಕು. ಇದನ್ನು ಕಣ್ಣಾರೆ ಕಂಡ ಹುಡುಗನು ನೊಣದ ಜೀವನಚಕ್ರವನ್ನು ಉರುಹೊಡೆಯಬೇಕಾಗಿಲ್ಲ. ಆದರೆ ಅವನ ತಂದೆ ಕೇಳಬಹುದಾದ ಪ್ರಶ್ನೆಯೇ ಬೇರೆ: “ಮಗನನ್ನು ಶಾಲೆಗೆ ಕಳುಹಿಸಿದ್ದು ಸಗಣಿ ಕೆದಕುವುದಕ್ಕೋ?”

ಮಕ್ಕಳು ತಾವೇ ಕೈಗೊಂಡ ಕಾರ್ಯದ ಮೂಲಕ ವಿಷಯವನ್ನರಿಯುವ ಕ್ರಮಕ್ಕೆ ಯೋಜನಾ ಪದ್ಧತಿಯೆಂದು ಹೆಸರು. ಅಮೆರಿಕದ ಶಿಕ್ಷಣವೇತ್ತ ಕಿಲ್‌ಪ್ಯಾಟ್ರಿಕ್ 1918ರಲ್ಲಿ ಬರೆದ ಲೇಖನದಿಂದ ಅದು ಪ್ರಸಿದ್ಧಿಗೆ ಬಂದಿತು. ನಮ್ಮ ದೇಶದಲ್ಲಿ ಅದಕ್ಕೆ ಸಮೀಪವಾದ ದೊಡ್ಡ ಪ್ರಯೋಗ ನಡೆದುದು ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ. 1972ರಲ್ಲಿ ಅಲ್ಲಿನ 16 ಮಾಧ್ಯಮಿಕ ಶಾಲೆಗಳಲ್ಲಿ ಆರಂಭವಾದ ವಿಜ್ಞಾನ ಬೋಧನ ಕಾರ್ಯಕ್ರಮವು 1978ರಲ್ಲಿ ಇಡೀ ಜಿಲ್ಲೆಗೆ ಹಬ್ಬಿತು. ಆರರಿಂದ ಎಂಟನೆಯ ತರಗತಿಯವರೆಗಿನ ಹಳ್ಳಿಯ ಮಕ್ಕಳು ಎಲೆಗಳನ್ನು ಆಯ್ದು ವಿಂಗಡಿಸಿದರು, ಹೂಗಳನ್ನು ಬಿಡಿಸಿ ನೋಡಿದರು, ಒಂದೇ ಉದ್ದವನ್ನು ಮತ್ತೆ ಮತ್ತೆ ಅಳೆದು ಉತ್ತರ ಪ್ರತಿಸಲವೂ ತುಸು ಬೇರೆಯಾಗುವುದೇಕೆಂದು ಚರ್ಚಿಸಿದರು.

ಪರೀಕ್ಷೆಯೂ ಬದಲಾಯಿತು. ಎಂಟನೆಯ ತರಗತಿಯ ವಿಜ್ಞಾನ ಪರೀಕ್ಷೆಗೆ ಪುಸ್ತಕವನ್ನು ಒಯ್ಯಲು ಅನುಮತಿಯಿತ್ತು. ಪ್ರಯೋಗ ಮಾಡಿ ತೋರಿಸುವ ಭಾಗವೂ ಇತ್ತು. ಈ ಒಂದು ಕ್ರಮ ನನಗೆ ಉಳಿದೆಲ್ಲಕ್ಕಿಂತ ಹಿರಿದಾಗಿ ತೋರುತ್ತದೆ.

ತೊಡಕು ಬಂದುದು ಅದರಾಚೆಗೆ. ಒಂಬತ್ತು, ಹತ್ತನೆಯ ತರಗತಿಗಳಲ್ಲಿ ಕಾದಿದ್ದುದು ಅದೇ ಹಳೆಯ ಪಠ್ಯ, ಹಳೆಯ ಪರೀಕ್ಷೆ. ಅಲ್ಲಿ ಮಗು ಹಿಂದೆ ಬಿದ್ದರೆ ಗತಿಯೇನು? ಒಂದು ಸರಕಾರಿ ಕೆಲಸದ ಆಸೆಯಿಂದ ಹೊಟ್ಟೆಬಟ್ಟೆ ಕಟ್ಟಿ ಮಗುವನ್ನು ಓದಿಸುವವರಿಗೆ ಈ ಅಂಜಿಕೆ ಸಹಜವಾದುದು. ಅದನ್ನು ಅಜ್ಞಾನವೆಂದು ತಳ್ಳಿಹಾಕುವವರು ಅಂಕಪಟ್ಟಿಯ ಬೆಲೆಯನ್ನು ಅರಿಯದವರು. 2002ರಲ್ಲಿ ರಾಜ್ಯ ಸರಕಾರವು ಕಾರ್ಯಕ್ರಮವನ್ನು ನಿಲ್ಲಿಸಿತು.

ಈ ಅಂಜಿಕೆಯನ್ನು ಲೆಕ್ಕದಿಂದಲೇ ಪರೀಕ್ಷಿಸಿ ನೋಡಿದ ಉದಾಹರಣೆಯೊಂದುಂಟು. ಅದು ಪ್ರೌಢಶಾಲೆಗಳಿಗೆ ಸಂಬಂಧಿಸಿದ್ದು, ಅಮೆರಿಕದ್ದು. ಅಲ್ಲಿ 1930ರ ದಶಕದಲ್ಲಿ ಸುಮಾರು 30 ಶಾಲೆಗಳು ತಮ್ಮ ಪಾಠಕ್ರಮವನ್ನು ಇಷ್ಟಬಂದಂತೆ ತಿದ್ದಿಕೊಂಡವು. ಅವುಗಳ ವಿದ್ಯಾರ್ಥಿಗಳಿಗಾಗಿ ಕಾಲೇಜುಗಳು ಪ್ರವೇಶದ ಕಟ್ಟುಪಾಡುಗಳನ್ನು ಸಡಿಲಿಸಿದವು. ಬಳಿಕ ಕಾಲೇಜು ಸೇರಿದ ಅಂಥ ಒಬ್ಬೊಬ್ಬ ವಿದ್ಯಾರ್ಥಿಗೂ ವಯಸ್ಸು, ಸಾಮರ್ಥ್ಯ, ಮನೆತನದ ಸ್ಥಿತಿ ಸರಿಹೋಗುವ, ಹಳೆಯ ರೀತಿಯ ಶಾಲೆಯಿಂದ ಬಂದ ಜೊತೆಗಾರನನ್ನು ಆರಿಸಲಾಯಿತು. ಹೀಗೆ 1,475 ಜೋಡಿಗಳು. ಹೊಸ ಶಾಲೆಗಳವರು ಅಂಕಗಳಲ್ಲಿ ಹಿಂದೆ ಬೀಳಲಿಲ್ಲ, ತುಸು ಮುಂದೆಯೇ ಇದ್ದರು. ಅತ್ಯಂತ ಧೈರ್ಯದಿಂದ ಪ್ರಯೋಗ ನಡೆಸಿದ ಶಾಲೆಗಳವರು ಇನ್ನೂ ಮುಂದಿದ್ದರು. ವರದಿ 1942ರಲ್ಲಿ, ಯುದ್ಧದ ನಡುವೆ ಹೊರಬಂದಿತು. ಓದುವ ವ್ಯವಧಾನ ಯಾರಿಗಿದ್ದೀತು?

ಅಲ್ಲಿ ಕಾಲೇಜಿನ ಬಾಗಿಲು ಮೊದಲೇ ತೆರೆದಿತ್ತು. ಹೋಶಂಗಾಬಾದಿನ ಮಕ್ಕಳಿಗೆ ಅದು ಎಂಟನೆಯ ತರಗತಿಗೇ ಮುಚ್ಚಿತು. ನಮ್ಮ ಪಟ್ಟಣಗಳಲ್ಲಂತೂ ಇಂದು ಅಂಗಡಿಯಿಂದ ಸಿದ್ಧವಾದ ಜ್ವಾಲಾಮುಖಿಯ ಮಾದರಿಯನ್ನು ಕೊಂಡು, ಅಪ್ಪನೇ ಅಂಟಿಸಿ, ತಾಯಿಯೇ ಬಣ್ಣ ಬಳಿದು ಶಾಲೆಗೆ ಕಳುಹಿಸುವುದುಂಟು. ಅದಕ್ಕೆ ಅಂಕವೂ ಬರುತ್ತದೆ. ಸಗಣಿಯ ಸೀಸೆಯನ್ನು ಮಾತ್ರ ಯಾವ ಅಂಗಡಿಯವನೂ ಮಾರುವುದಿಲ್ಲ. ಅದನ್ನು 10 ದಿನ ಹುಡುಗನೇ ಕಾಯಬೇಕು.